ಹೇಳದೆ ಉಳಿದ ಮಾತಿಗೆ ಹೊಣೆ ಯಾರು?

ಪ್ರಶ್ನೆ: ನಾನು ಸೋಮವಾರಪೇಟೆ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ಕನ್ನಡ ಕಲಿಸುತ್ತೇನೆ. ನಮ್ಮೂರಿನ ಸಂಘವೊಂದರ ವಾರ್ಷಿಕ ಸಭೆಯಲ್ಲಿ ಲೆಕ್ಕಪತ್ರ ಓದಿ ಮುಗಿದ ಮೇಲೆ ಹಿರಿಯ ಸದಸ್ಯರೊಬ್ಬರು ಎದ್ದು ನಿಂತು, ‘ಈ ವರ್ಷ ಲೆಕ್ಕ ಸರಿಯಾಗಿದೆ’ ಎಂದರು. ಹೋದ ವರ್ಷ ಕಾರ್ಯದರ್ಶಿಯಾಗಿದ್ದವರು ತಕ್ಷಣ ಸಭೆ ಬಿಟ್ಟು ಹೊರಟುಹೋದರು. ಆಮೇಲೆ ವಿಚಾರಿಸಿದ್ದಕ್ಕೆ ಆ ಸದಸ್ಯರು, ‘ಹೋದ ವರ್ಷದ ಸುದ್ದಿಯನ್ನೇ ನಾನು ಎತ್ತಿಲ್ಲ, ನನ್ನ ಮಾತಿನಲ್ಲಿ ಸುಳ್ಳು ಏನಿದೆ?’ ಎನ್ನುತ್ತಾರೆ. ಅವರು ‘ಈ ವರ್ಷ’ ಎಂಬುದನ್ನು ಒತ್ತಿ ಹೇಳಿದರೋ ಇಲ್ಲವೋ ಎಂಬುದರಲ್ಲೇ ನಮ್ಮಲ್ಲಿ ಒಮ್ಮತವಿಲ್ಲ. ಇಂಥ ಅರ್ಥ ಮಾತಿನಲ್ಲಿರುತ್ತದೆಯೇ, ಕೇಳುವವರ ಮನಸ್ಸಿನಲ್ಲಿರುತ್ತದೆಯೇ? ಬಾಯಿಬಿಟ್ಟು ಹೇಳದೆ ಇದ್ದದ್ದಕ್ಕೆ ಒಬ್ಬರನ್ನು ಹೊಣೆ ಮಾಡಬಹುದೇ? ಪಾಠದಲ್ಲಿ ಬರುವ ವ್ಯಂಗ್ಯಾರ್ಥ, ಧ್ವನಿ ಎಂಬುವು ಇದೇ ಏನು? ನಡಾವಳಿ ಪುಸ್ತಕದಲ್ಲಿ ಆ ಮಾತನ್ನು ಬರೆದಾಗಿದೆ, ಅದನ್ನು ತಿದ್ದಿಸಬೇಕೇ?

ಉತ್ತರ: ಮೊದಲ ಪ್ರಶ್ನೆಗೆ ನೇರ ಉತ್ತರ ಕೊಟ್ಟೇ ಮುಂದುವರಿಯುತ್ತೇನೆ. ಸೂಚಿತವಾದ ಅರ್ಥ ಪದಗಳೊಳಗೆ ಇರುವುದಿಲ್ಲ. ಹಾಗೆಂದು ಕೇಳುಗರು ತಮ್ಮ ಇಷ್ಟದಂತೆ ಕಟ್ಟಿಕೊಳ್ಳುವ ಅರ್ಥವೂ ಅದಲ್ಲ. ಇಂಥವರು, ಇಂಥ ಕಡೆ, ಇಂಥವರ ಮುಂದೆ, ಬೇರೆ ರೀತಿಯಲ್ಲಿ ಹೇಳಬಹುದಾಗಿದ್ದರೂ ಹೀಗೇ ಏಕೆ ಹೇಳಿದರು ಎಂಬ ಪ್ರಶ್ನೆಗೆ ಕೇಳುಗರು ಕಂಡುಕೊಳ್ಳುವ ಉತ್ತರವೇ ಆ ಅರ್ಥ. ಆ ಪ್ರಶ್ನೆಯನ್ನು ಕೇಳುಗರು ಹಾಕಿಕೊಳ್ಳುತ್ತಾರೆಂಬುದು ಮಾತಾಡುವವರಿಗೂ ಗೊತ್ತಿರುತ್ತದೆ. ಆದ್ದರಿಂದ ‘ನಾನು ಹಾಗೆ ಹೇಳಿಲ್ಲ’ ಎಂಬ ಸಮರ್ಥನೆ ಬಹುಪಾಲು ಸಂದರ್ಭಗಳಲ್ಲಿ ನಿಜವೇ ಆಗಿದ್ದರೂ ಅದು ಕೇಳಿದ ಪ್ರಶ್ನೆಗೆ ಉತ್ತರವಲ್ಲ. ಕೇಳಿದ್ದು, ಹಾಗೆ ತಿಳಿಯಲೆಂದೇ ಮಾತಾಡಿದಿರಾ ಎಂದು.

ದಿನನಿತ್ಯದ ಮಾತನ್ನು ಗಮನಿಸಿದರೆ ಇದು ಎಷ್ಟು ಸಹಜವೆಂದು ತಿಳಿಯುತ್ತದೆ. ಜನವರಿ ತಿಂಗಳಿನಲ್ಲಿ ಕಣದ ತುಂಬ ಕಾಫಿ ಹರಡಿರುವಾಗ ತೋಟದ ಕೆಲಸ ನೋಡಿಕೊಳ್ಳುವ ರೈಟರ್ ಆಕಾಶ ನೋಡಿ ‘ಮೋಡ ಕಟ್ಟುತ್ತಿದೆ’ ಎಂದರೆ ಆಳುಗಳು ಕಾಫಿಯನ್ನು ಗುಡ್ಡೆ ಮಾಡಿ ಟಾರ್ಪಾಲ್ ಎಳೆಯಲು ತೊಡಗುತ್ತಾರೆ. ಹವಾಮಾನ ವರದಿ ಕೇಳಿದೆವೆಂದು ಯಾರೂ ಸುಮ್ಮನೆ ನಿಲ್ಲುವುದಿಲ್ಲ. ಅದೇ ಮಾತು ಮಾರ್ಚ್ ತಿಂಗಳಲ್ಲಿ, ಕಾಫಿ ಹೂ ಅರಳಿಸುವ ಹೂಮಳೆಗಾಗಿ ಕಾದು ಸ್ಪ್ರಿಂಕ್ಲರ್ ಪೈಪುಗಳನ್ನು ಹೊರತೆಗೆದಿರುವಾಗ ಬಂದರೆ, ‘ಇನ್ನೆರಡು ದಿನ ನೋಡೋಣ, ಡೀಸೆಲ್ ಉಳಿಯಬಹುದು’ ಎಂದಾಗುತ್ತದೆ. ಪದಗಳು ಎರಡೇ, ಅವು ಬದಲಾಗಿಲ್ಲ. ಕಾಶ್ಮೀರದ ಅಲಂಕಾರಶಾಸ್ತ್ರಜ್ಞ ಮಮ್ಮಟ ಹನ್ನೊಂದನೆಯ ಶತಮಾನದಲ್ಲಿ ಇದನ್ನೇ ‘ಸೂರ್ಯ ಮುಳುಗಿದ’ ಎಂಬ ವಾಕ್ಯದ ಮೂಲಕ ತೋರಿಸಿದ್ದಾನೆ: ಸೇನೆಯವರಿಗೆ ಅದು ಶತ್ರುವಿನ ಮೇಲೆ ಬೀಳುವ ಹೊತ್ತು, ಕೂಲಿಯವರಿಗೆ ಕೆಲಸ ನಿಲ್ಲಿಸುವ ಹೊತ್ತು, ವೈದಿಕನಿಗೆ ಸಂಧ್ಯಾವಂದನೆಯ ಹೊತ್ತು, ದನಗಾಹಿಗೆ ದನ ಹೊಡೆದುಕೊಂಡು ಬರುವ ಹೊತ್ತು, ಕಾದಿರುವ ಹೆಣ್ಣಿಗೆ ನಲ್ಲ ಬರುವ ಹೊತ್ತು. ಸಿದ್ದಾಪುರದ ಕಡೆಯ ತೋಟಗಳವರು ಇದಕ್ಕೆ ಇನ್ನೊಂದು ಸೇರಿಸಬಹುದು: ಆನೆ ರಸ್ತೆಗಿಳಿಯುವ ಹೊತ್ತು, ಈಗ ಬೈಕ್ ಹತ್ತಬೇಡಿ.

ಇಷ್ಟು ಬಗೆಯ ಅರ್ಥಗಳು ಹೊರಡುತ್ತವೆಂದರೆ ಅವುಗಳಿಗೆ ಅಂಕೆಯೇ ಇಲ್ಲವೆಂದಲ್ಲ. ಯಾವುದರಿಂದ ಯಾವ ಅರ್ಥ ಹೊರಡುತ್ತದೆಂಬುದನ್ನು ಮಮ್ಮಟನೇ ಪಟ್ಟಿ ಮಾಡಿದ್ದಾನೆ: ಮಾತಾಡುವವನು, ಕೇಳಿಸಿಕೊಳ್ಳುವವನು, ದನಿಯ ಏರಿಳಿತ ಅಂದರೆ ಕಾಕು, ವಾಕ್ಯ, ಅದರ ನೇರ ಅರ್ಥ, ಹತ್ತಿರದಲ್ಲಿರುವ ಮೂರನೆಯವನು, ಪ್ರಸ್ತಾವ, ದೇಶ, ಕಾಲ. ಈ ಪಟ್ಟಿಯನ್ನು ನಿಮ್ಮ ಸಭೆಯ ಮುಂದಿಟ್ಟು ನೋಡಿ. ಮಾತಾಡಿದವರು ಹಿರಿಯ ಸದಸ್ಯರು, ಪ್ರಸ್ತಾವ ಲೆಕ್ಕಪತ್ರ, ಮೂರನೆಯವರಾಗಿ ಹಿಂದಿನ ಕಾರ್ಯದರ್ಶಿ ಎದುರಿಗೇ ಕುಳಿತಿದ್ದಾರೆ. ನಿಮ್ಮಲ್ಲಿ ಒಮ್ಮತವಿಲ್ಲದಿರುವುದು ಕಾಕುವಿನ ಬಗ್ಗೆ ಮಾತ್ರ. ‘ಹತ್ತಿರದಲ್ಲಿರುವ ಮೂರನೆಯವನು’ ಎಂಬುದನ್ನು ಅಲಂಕಾರಶಾಸ್ತ್ರ ಪ್ರತ್ಯೇಕವಾಗಿ ಎಣಿಸಿದ್ದು ನನಗೆ ಬಹಳ ಸೂಕ್ಷ್ಮವಾಗಿ ತೋರುತ್ತದೆ. ನಮ್ಮ ಸಭೆ, ಮದುವೆ ಮನೆ, ಪಂಚಾಯಿತಿ ಕಟ್ಟೆಗಳಲ್ಲಿ ಅಧ್ಯಕ್ಷರನ್ನೋ ನೆಂಟರನ್ನೋ ನೋಡಿಕೊಂಡು ಆಡಿದ ಮಾತು ಪಕ್ಕದಲ್ಲಿ ಕುಳಿತವರಿಗೆ ಹೋಗಿ ತಾಗುವುದು ಅಪರೂಪವೇನಲ್ಲ.

ಇನ್ನು ಆಧುನಿಕರ ವಿಚಾರ. ಇಂಗ್ಲೆಂಡಿನ ತತ್ತ್ವಜ್ಞಾನಿ ಪಾಲ್ ಗ್ರೈಸ್ 1967ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಕೊಟ್ಟ ಉಪನ್ಯಾಸಗಳಲ್ಲಿ ಈ ಬಗೆಯ ಅರ್ಥಕ್ಕೆ ಇಂಪ್ಲಿಕೇಚರ್ ಎಂಬ ಹೆಸರನ್ನಿಟ್ಟು, ಅದು ಹೇಗೆ ಹುಟ್ಟುತ್ತದೆಂದು ವಿವರಿಸಿದರು. ಆ ಭಾಗ 1975ರಲ್ಲಿ ಅಚ್ಚಾಯಿತು. ಅವರ ಮಾತಿನ ಸಾರ ಹೀಗಿದೆ. ಮಾತುಕತೆಯಲ್ಲಿ ತೊಡಗಿದವರು ಪರಸ್ಪರ ಸಹಕರಿಸುತ್ತಿದ್ದಾರೆಂದು ನಾವು ನಂಬಿರುತ್ತೇವೆ. ಬೇಕಾದಷ್ಟೇ ಹೇಳುತ್ತಾರೆ, ನಿಜವೆಂದು ನಂಬಿದ್ದನ್ನು ಹೇಳುತ್ತಾರೆ, ಪ್ರಸ್ತುತವಾದದ್ದನ್ನು ಹೇಳುತ್ತಾರೆ, ಸ್ಪಷ್ಟವಾಗಿ ಹೇಳುತ್ತಾರೆ ಎಂಬ ನಾಲ್ಕು ನಿರೀಕ್ಷೆಗಳು ನಮ್ಮಲ್ಲಿರುತ್ತವೆ. ಒಂದು ಮಾತು ಈ ನಿರೀಕ್ಷೆಗೆ ಹೊಂದದೆ ಹೋದಾಗ ಅಥವಾ ಅಗತ್ಯಕ್ಕಿಂತ ಹೆಚ್ಚು ಕಡಿಮೆಯಾದಾಗ, ಅದು ಹೊಂದುವಂಥ ಅರ್ಥವೊಂದನ್ನು ಕೇಳುಗರು ಊಹಿಸಿಕೊಳ್ಳುತ್ತಾರೆ. ಸಭೆಯ ಕಾರ್ಯಸೂಚಿಯಲ್ಲಿ ಇದ್ದದ್ದು ಈ ಸಾಲಿನ ಲೆಕ್ಕವೊಂದೇ ಆಗಿದ್ದರೆ, ಬರಿಯ ‘ಲೆಕ್ಕ ಸರಿಯಾಗಿದೆ’ ಎಂದರೆ ಸಾಕಿತ್ತು. ‘ಈ ವರ್ಷ’ ಎಂಬ ಹೆಚ್ಚಿನ ಮಾತು ಏಕೆ ಬಂತು? ಉಳಿದ ವರ್ಷಗಳಿಂದ ಇದನ್ನು ಬೇರೆ ಮಾಡಲಿಕ್ಕೆ ಎಂಬುದು ಸುಲಭವಾಗಿ ಹೊಳೆಯುವ ಉತ್ತರ. ಆದರೆ ಅದೊಂದೇ ಉತ್ತರವಲ್ಲ, ಏಕೆಂದರೆ ಸಭೆಯ ಭಾಷೆಯಲ್ಲಿ ‘ಈ ವರ್ಷ’, ‘ಈ ಸಾಲಿನಲ್ಲಿ’ ಎಂಬುವು ಬಾಯಿಪಾಠದಂತೆ ಬಂದುಬಿಡುವುದೂ ಉಂಟು.

ಇಲ್ಲಿ ಗ್ರೈಸ್ ಕೊಟ್ಟ ಪರೀಕ್ಷೆಯೊಂದು ಉಪಯೋಗಕ್ಕೆ ಬರುತ್ತದೆ. ಸೂಚಿತವಾದ ಅರ್ಥವನ್ನು ಮಾತಾಡಿದವರೇ ಮುಂದಿನ ವಾಕ್ಯದಲ್ಲಿ ವಿರೋಧಾಭಾಸವಿಲ್ಲದೆ ಹಿಂದಕ್ಕೆ ತೆಗೆದುಕೊಳ್ಳಬಹುದಾದರೆ ಅದು ಸಂದರ್ಭದಿಂದ ಹುಟ್ಟಿದ್ದು; ತೆಗೆದುಕೊಳ್ಳಲಾಗದಿದ್ದರೆ ಅದು ವಾಕ್ಯದಲ್ಲೇ ಹೊಕ್ಕು ಕುಳಿತದ್ದು. ‘ಈ ವರ್ಷ ಲೆಕ್ಕ ಸರಿಯಾಗಿದೆ, ಹೋದ ವರ್ಷವೂ ಸರಿಯಾಗಿಯೇ ಇತ್ತು’ ಎಂದರೆ ಯಾರಿಗೂ ವಿಚಿತ್ರವೆನಿಸದು. ಅಂದರೆ ನಿಮ್ಮ ಸದಸ್ಯರು ಆಡಿದ ವಾಕ್ಯ ಹಿಂದಿನ ಕಾರ್ಯದರ್ಶಿಯ ಮೇಲೆ ಆರೋಪವನ್ನು ಹೊತ್ತುಕೊಂಡೇ ಹುಟ್ಟಿದ್ದಲ್ಲ. ಅವರು ‘ಈ ವರ್ಷವಾದರೂ ಲೆಕ್ಕ ಸರಿಯಾಗಿದೆ’ ಎಂದಿದ್ದರೆ ಪರಿಸ್ಥಿತಿಯೇ ಬೇರೆ. ‘ಈ ವರ್ಷವಾದರೂ ಸರಿಯಾಗಿದೆ, ಹೋದ ವರ್ಷವೂ ಸರಿಯಾಗಿತ್ತು’ ಎಂದು ಕನ್ನಡ ಬಲ್ಲವರು ಯಾರೂ ಹೇಳಲಾರರು. ‘ಆದರೂ’ ಎಂಬ ಪ್ರತ್ಯಯವೇ ಹಿಂದಿನದರ ಮೇಲೆ ತೀರ್ಪು ಕೊಟ್ಟಾಗಿರುತ್ತದೆ, ಮತ್ತು ಆ ತೀರ್ಪಿನಿಂದ ಹಿಂದೆ ಸರಿಯಲು ದಾರಿ ಉಳಿದಿರುವುದಿಲ್ಲ.

ಕನ್ನಡದಲ್ಲಿ ಇಂಥ ಕೆಲಸವನ್ನು ಮಾಡುವುದು ಹೆಚ್ಚಾಗಿ ಪದದ ತುದಿಗೆ ಅಂಟಿಕೊಳ್ಳುವ ಚಿಕ್ಕಚಿಕ್ಕ ಅವ್ಯಯಗಳೇ, ಮತ್ತು ಪಾಠ ಹೇಳುವವರಾದ ನೀವು ಮಕ್ಕಳ ಮುಂದೆ ಇಡಬೇಕಾದದ್ದು ಇದೇ ಎಂದು ನನ್ನ ಅಭಿಪ್ರಾಯ. ‘ಈ ವರ್ಷವೂ ಲೆಕ್ಕ ಸರಿಯಾಗಿದೆ’ ಎಂದಿದ್ದರೆ ಹಿಂದಿನ ಕಾರ್ಯದರ್ಶಿ ಸಭೆ ಬಿಡುವ ಬದಲು ಚಪ್ಪಾಳೆ ತಟ್ಟುತ್ತಿದ್ದರು. ‘ಈ ವರ್ಷದ ಲೆಕ್ಕವೇನೋ ಸರಿಯಾಗಿದೆ’ ಎಂದಿದ್ದರೆ ಬಾಣ ಹಿಂದಿನವರ ಕಡೆಗೆ ಹೋಗುತ್ತಲೇ ಇರಲಿಲ್ಲ. ಲೆಕ್ಕವೊಂದು ಬಿಟ್ಟು ಉಳಿದದ್ದು ಸರಿಯಿಲ್ಲವೆಂದಾಗಿ ಈಗಿನ ಆಡಳಿತದವರು ಮುಖ ಗಂಟಿಕ್ಕುತ್ತಿದ್ದರು. ‘ಈ ವರ್ಷ ಲೆಕ್ಕ ಸರಿಯಾಗಿದೆಯಂತೆ’ ಎಂದಿದ್ದರೆ ಲೆಕ್ಕ ಸರಿಯೆಂಬ ಮಾತಿಗೆ ತಾವು ಜವಾಬ್ದಾರರಲ್ಲ, ಯಾರೋ ಹೇಳಿದ್ದು ಎಂದು ಕೈತೊಳೆದುಕೊಂಡಂತೆ ಆಗುತ್ತಿತ್ತು. ಒಂದು ‘ಅಂತೆ’ಯನ್ನು ಸೇರಿಸಿ ಇಡೀ ಲೆಕ್ಕಪರಿಶೋಧನೆಯನ್ನೇ ಅನುಮಾನಕ್ಕೆ ತಳ್ಳುವುದು ಸಾಧ್ಯ. ಪದಗಳ ಕ್ರಮಕ್ಕೂ ಇಂಥ ಶಕ್ತಿಯಿದೆ. ಕನ್ನಡದಲ್ಲಿ ಕ್ರಿಯಾಪದದ ಮಗ್ಗುಲಿನ ಸ್ಥಾನಕ್ಕೆ ಒತ್ತು ಹೆಚ್ಚು. ‘ಲೆಕ್ಕ ಈ ವರ್ಷ ಸರಿಯಾಗಿದೆ’ ಎಂದು ತಿರುಗಿಸಿದ ಕೂಡಲೇ ದನಿ ಏರಿಸದೆಯೇ ಹೋದ ವರ್ಷ ಮುಂದೆ ಬಂದು ನಿಲ್ಲುತ್ತದೆ. ನಿಮ್ಮ ಸಭೆಯವರು ದನಿಯನ್ನು ನೆನಪಿಸಿಕೊಳ್ಳಲು ಕಷ್ಟಪಡುವ ಬದಲು ಪದಗಳ ಕ್ರಮವನ್ನು ನೆನಪಿಸಿಕೊಂಡರೆ ಹೆಚ್ಚು ಪ್ರಯೋಜನವಾದೀತು.

ಇದೇ ಜಾತಿಯ ಇನ್ನೊಂದು ವಾಕ್ಯವನ್ನು ನಮ್ಮ ಕಡೆ ಮೆಚ್ಚುಗೆಯೆಂದೇ ಆಡುತ್ತಾರೆ: ‘ಹೆಂಗಸಾದರೂ ಜೀಪನ್ನು ಎಷ್ಟು ಚೆನ್ನಾಗಿ ಓಡಿಸುತ್ತಾಳೆ!’ ಇಲ್ಲಿ ಹೊಗಳಿಕೆಯನ್ನು ಹೇಳಲಾಗಿದೆ, ಹೆಂಗಸರಿಗೆ ಜೀಪು ಓಡಿಸಲು ಬಾರದೆಂಬ ನಂಬಿಕೆಯನ್ನು ಹೇಳದೆಯೇ ಒಳಗೆ ಬಿಡಲಾಗಿದೆ. ಹೊಗಳಿಕೆಯನ್ನು ಒಪ್ಪಿಕೊಂಡವರು ಆ ನಂಬಿಕೆಯನ್ನೂ ಒಪ್ಪಿದಂತಾಗುತ್ತದೆ. ಹೊಗಳಿಕೆಯನ್ನು ಅಲ್ಲಗಳೆಯಲು ಹೊರಟರೂ ಆ ನಂಬಿಕೆ ಅಲ್ಲಾಡದೆ ಹಾಗೇ ಉಳಿಯುತ್ತದೆ. ನೇರವಾಗಿ ಆಡಿದ ಮಾತಿಗಿಂತ ಇದಕ್ಕೆ ಎದುರಾಡುವುದು ಕಷ್ಟ.

ಕೊಡಗಿನವರಿಗೆ ಒಂದು ಎಚ್ಚರಿಕೆಯನ್ನು ವಿಶೇಷವಾಗಿ ಹೇಳಬೇಕು. ಮನೆಯಲ್ಲಿ ಕೊಡವ ತಕ್ಕ್, ಅರೆಭಾಷೆ, ತುಳು, ಮಲಯಾಳಂ ಅಥವಾ ಬೇರೊಂದನ್ನು ಆಡುತ್ತ ಸಭೆಗೆ ಬಂದಾಗ ಮಾತ್ರ ಕನ್ನಡಕ್ಕೆ ಹೊರಳುವವರು ಇಲ್ಲಿ ಬಹಳ ಮಂದಿ. ಅವರ ಕನ್ನಡ ವ್ಯಾಕರಣದ ಲೆಕ್ಕದಲ್ಲಿ ತಪ್ಪಿಲ್ಲದೆ ಇರಬಹುದು. ಆದರೆ ‘ಊ’ ಹಾಕುವುದೋ ಬಿಡುವುದೋ, ‘ಏನೋ’ ಸೇರಿಸುವುದೋ ಬೇಡವೋ ಎಂಬಂಥ ಆಯ್ಕೆಗಳು ಮನೆಮಾತಿನಲ್ಲಿ ನಡೆಯುವಷ್ಟು ಸಲೀಸಾಗಿ ಕಲಿತ ಭಾಷೆಯಲ್ಲಿ ನಡೆಯುವುದಿಲ್ಲ. ‘ಊ’ ಬಿಟ್ಟದ್ದು ಆಯ್ಕೆಯಾಗಿದ್ದರೆ ಮಾತ್ರ ಅದರಿಂದ ಅರ್ಥ ತೆಗೆಯಬಹುದು. ಆಯ್ಕೆಯೇ ಆಗಿರದಿದ್ದರೆ ನಾವು ತೆಗೆದ ಅರ್ಥ ನಮ್ಮದೇ. ನಿಮ್ಮ ಸದಸ್ಯರ ಮನೆಮಾತು ಯಾವುದೆಂದು ನೀವು ಬರೆದಿಲ್ಲ. ಅದನ್ನು ಪರಿಗಣಿಸದೆ ತೀರ್ಪು ಕೊಡುವುದು ನ್ಯಾಯವಲ್ಲ.

ಗ್ರೈಸ್ ಹೇಳಿದ ನಿರೀಕ್ಷೆಗಳೂ ಎಲ್ಲೆಡೆ ಒಂದೇ ಅಳತೆಯಲ್ಲಿ ನಡೆಯುವುದಿಲ್ಲ. ಮಡಗಾಸ್ಕರ್ ದ್ವೀಪದ ಹಳ್ಳಿಯೊಂದರಲ್ಲಿ ಅಧ್ಯಯನ ಮಾಡಿದ ಎಲಿನಾರ್ ಆಕ್ಸ್ ಕೀನನ್ 1976ರಲ್ಲಿ ಬರೆದ ಲೇಖನ ಇದಕ್ಕೆ ಪ್ರಸಿದ್ಧ ಉದಾಹರಣೆ. ಅಲ್ಲಿ ‘ನಿನ್ನ ತಾಯಿ ಎಲ್ಲಿ?’ ಎಂದು ಕೇಳಿದರೆ ‘ಮನೆಯಲ್ಲಿರಬೇಕು, ಇಲ್ಲವೆ ಸಂತೆಯಲ್ಲಿರಬೇಕು’ ಎಂಬ ಉತ್ತರ ಬರಬಹುದು. ಹೇಳಿದವನಿಗೆ ಸರಿಯಾಗಿ ಗೊತ್ತಿಲ್ಲವೆಂದು ಅಲ್ಲಿಯ ಕೇಳುಗರು ತಿಳಿಯುವುದಿಲ್ಲ, ಏಕೆಂದರೆ ಗೊತ್ತಿದ್ದದ್ದನ್ನೆಲ್ಲ ಬಿಚ್ಚಿ ಹೇಳಬೇಕೆಂಬ ನಿರೀಕ್ಷೆಯೇ ಅಲ್ಲಿಲ್ಲ. ಇದನ್ನು ಅರ್ಥಮಾಡಿಕೊಳ್ಳಲು ಕಾಫಿ ಬೆಳೆಗಾರರಿಗೆ ಅಷ್ಟು ದೂರ ಹೋಗಬೇಕಾಗಿಲ್ಲ. ಗೋಣಿಕೊಪ್ಪಲಿನ ಪೇಟೆಯಲ್ಲಿ ಸಿಕ್ಕವರನ್ನು ‘ಫಸಲು ಹೇಗೆ?’ ಎಂದು ಕೇಳಿದರೆ ‘ಏನೋ ಇದೆ, ಪರವಾಗಿಲ್ಲ’ ಎಂಬುದಕ್ಕಿಂತ ಹೆಚ್ಚಿನದು ಬರುವುದಿಲ್ಲ. ಎಷ್ಟು ಚೀಲವೆಂದು ಯಾರೂ ಬಾಯಿಬಿಡುವುದಿಲ್ಲ. ಹೊರಗಿನಿಂದ ಬಂದವರು ಫಸಲು ಕೈಕೊಟ್ಟಿದೆಯೆಂದು ಕನಿಕರಪಟ್ಟಾರು. ಸ್ಥಳೀಯರು ಆ ಉತ್ತರದಿಂದ ಫಸಲಿನ ಬಗ್ಗೆ ಏನನ್ನೂ ತೀರ್ಮಾನಿಸುವುದಿಲ್ಲ.

ಹೊಣೆಯ ಪ್ರಶ್ನೆಗೆ ಬರುತ್ತೇನೆ. ನಮ್ಮ ಕಾನೂನು ಇದನ್ನು ಎಂದೋ ಎದುರಿಸಿದೆ. 1860ರ ಭಾರತೀಯ ದಂಡ ಸಂಹಿತೆಯ 499ನೆಯ ಕಲಮು ಮಾನಹಾನಿಯನ್ನು ವಿವರಿಸುವಾಗ, ವ್ಯಂಗ್ಯವಾಗಿ ಮಾಡಿದ ಆರೋಪವೂ ಮಾನಹಾನಿಯಾಗಬಹುದೆಂದು ಸ್ಪಷ್ಟಪಡಿಸಿತ್ತು. ಆ ಕಲಮು ಕೊಡುವ ಮೊದಲ ದೃಷ್ಟಾಂತವಂತೂ ಭಾಷಾಶಾಸ್ತ್ರದ ತರಗತಿಯಲ್ಲಿ ಇಟ್ಟು ಪಾಠ ಮಾಡುವಂಥದ್ದು: ಒಬ್ಬನು ಇನ್ನೊಬ್ಬನ ಬಗ್ಗೆ, ‘ಅವನು ಪ್ರಾಮಾಣಿಕ, ಇಂಥವರ ಗಡಿಯಾರವನ್ನು ಅವನು ಕದ್ದೇ ಇಲ್ಲ’ ಎನ್ನುತ್ತಾನೆ, ಕದ್ದಿದ್ದಾನೆಂದೇ ಜನ ನಂಬಲಿ ಎಂಬ ಉದ್ದೇಶದಿಂದ, ವಿನಾಯಿತಿಗಳಲ್ಲಿ ಯಾವುದಕ್ಕೂ ಸೇರದಿದ್ದರೆ ಇದು ಮಾನಹಾನಿ. ಒಂದೊಂದು ಪದವೂ ಹೊಗಳಿಕೆಯೇ ಆಗಿದ್ದು ಒಟ್ಟು ಮಾತು ಕಳ್ಳತನದ ಆರೋಪ! ಆ ಸಂಹಿತೆಯ ಬದಲಿಗೆ 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ 356ನೆಯ ಕಲಮು ಈ ವಿಷಯಕ್ಕೆ ಸಂಬಂಧಿಸಿದ್ದು. ಇದರ ಅರ್ಥ ನಿಮ್ಮ ಸದಸ್ಯರ ಮೇಲೆ ಮೊಕದ್ದಮೆ ಹೂಡಬಹುದೆಂದಲ್ಲ. ಅಲ್ಲಿ ಉದ್ದೇಶವನ್ನೋ, ಹೆಸರು ಕೆಡುತ್ತದೆಂಬ ಅರಿವನ್ನೋ ತೋರಿಸಬೇಕಾಗುತ್ತದೆ. ನಿಮ್ಮ ವಾಕ್ಯ ಅದಕ್ಕೆ ಬಹಳ ತೆಳು. ‘ಹೇಳಿಲ್ಲ’ ಎಂಬುದೊಂದೇ ಬಿಡುಗಡೆಗೆ ಸಾಲದು ಎಂಬಷ್ಟನ್ನು ಮಾತ್ರ ಇದರಿಂದ ತಿಳಿಯಬೇಕು.

ಇದಕ್ಕೆ ವಿರುದ್ಧವೆಂದು ತೋರುವ ತೀರ್ಪೊಂದು ಅಮೆರಿಕದಲ್ಲಿದೆ. ದಿವಾಳಿ ವಿಚಾರಣೆಯೊಂದರಲ್ಲಿ ಚಿತ್ರ ನಿರ್ಮಾಪಕ ಬ್ರಾನ್‌ಸ್ಟನ್ ಅವರನ್ನು, ಸ್ವಿಸ್ ಬ್ಯಾಂಕಿನಲ್ಲಿ ಹಿಂದೆ ಎಂದಾದರೂ ನಿಮ್ಮ ಖಾತೆ ಇತ್ತೇ ಎಂದು ಕೇಳಲಾಯಿತು. ಅವರು ತಮ್ಮ ಕಂಪನಿಯ ಖಾತೆ ಆರು ತಿಂಗಳ ಮಟ್ಟಿಗೆ ಇತ್ತೆಂದು ಹೇಳಿದರು. ಸ್ವಂತದ ಖಾತೆಯೂ ಇತ್ತೆಂಬುದನ್ನು ಹೇಳಲಿಲ್ಲ. ಹೇಳಿದ್ದೆಲ್ಲ ನಿಜ, ಸೂಚಿಸಿದ್ದು ಸುಳ್ಳು. 1973ರಲ್ಲಿ ಅಲ್ಲಿಯ ಸುಪ್ರೀಂ ಕೋರ್ಟ್ ಇದು ಸುಳ್ಳು ಸಾಕ್ಷ್ಯವಲ್ಲವೆಂದು ತೀರ್ಮಾನಿಸಿತು. ಉತ್ತರ ಪ್ರಶ್ನೆಗೆ ಹೊಂದದೆ ಇದ್ದಾಗ ಮತ್ತೆ ಕೆದಕಿ ಕೇಳುವುದು ವಕೀಲರ ಕೆಲಸವಾಗಿತ್ತೆಂಬುದು ಅದರ ತರ್ಕ. ಎರಡನ್ನೂ ಪಕ್ಕದಲ್ಲಿಟ್ಟು ನೋಡಿದರೆ ನನಗೆ ವಿರೋಧ ಕಾಣುವುದಿಲ್ಲ. ಎದುರಿಗಿದ್ದು ಮರುಪ್ರಶ್ನೆ ಹಾಕುವ ಅಧಿಕಾರವುಳ್ಳವರಿಗೆ ಸೂಚನೆಯನ್ನು ಪರೀಕ್ಷಿಸುವ ಭಾರವೂ ಇದೆ. ಗಡಿಯಾರದ ಮಾತನ್ನು ಊರೆಲ್ಲ ಕೇಳಿಸಿಕೊಂಡಾಗ, ಕಳಂಕ ಹೊತ್ತವನಿಗೆ ಒಬ್ಬೊಬ್ಬರನ್ನೂ ಹಿಡಿದು ಕೇಳುವ ಅವಕಾಶವಿರುವುದಿಲ್ಲ. ನಿಮ್ಮ ಹಿಂದಿನ ಕಾರ್ಯದರ್ಶಿ ಇವೆರಡರ ನಡುವೆ ಇದ್ದರು. ‘ಹೋದ ವರ್ಷದ್ದು?’ ಎಂಬ ಒಂದೇ ಪ್ರಶ್ನೆಯನ್ನು ಅವರು ಎದ್ದು ಕೇಳಿದ್ದರೆ ಸದಸ್ಯರು ‘ಅದೂ ಸರಿಯಾಗಿತ್ತು’ ಎನ್ನಬೇಕಾಗುತ್ತಿತ್ತು, ಇಲ್ಲವೇ ಆರೋಪವನ್ನು ಬಾಯಿಬಿಟ್ಟು ಮಾಡಬೇಕಾಗುತ್ತಿತ್ತು. ಅಷ್ಟು ಮಂದಿಯ ನಡುವೆ ಅದು ಸುಲಭವಲ್ಲವೆಂಬುದನ್ನು ಬಲ್ಲೆ. ಆದರೂ ಎದ್ದು ಹೋದದ್ದರಿಂದ ಅನುಮಾನ ಅರ್ಧದಲ್ಲೇ ನಿಂತಿತು. ಸದಸ್ಯರ ಬಗ್ಗೆ ನನ್ನ ಅಭಿಪ್ರಾಯ ಇಷ್ಟು: ಆಡಿದ ಕ್ಷಣದಲ್ಲಿ ಅವರು ನಿರ್ದೋಷಿಯಾಗಿದ್ದಿರಬಹುದು. ಮಾತು ಹೇಗೆ ತಾಗಿತೆಂದು ತಿಳಿದ ಮೇಲೂ, ಹೋದ ವರ್ಷದ ಲೆಕ್ಕದ ಬಗ್ಗೆ ತಮಗೆ ಏನೂ ಅನುಮಾನವಿಲ್ಲ ಎನ್ನದೆ ‘ಸುಳ್ಳು ಏನಿದೆ’ ಎಂದಷ್ಟೇ ಕೇಳುತ್ತಿರುವುದರಿಂದ, ಈಗ ಆ ಸೂಚನೆಯನ್ನು ಅವರು ತಮ್ಮದಾಗಿಸಿಕೊಂಡಿದ್ದಾರೆ.

ಪಾಠದ ವಿಷಯ. ಮಡಿಕೇರಿ ದಸರಾಕ್ಕೆ ‘ಊರಿಗೆ ಊರೇ ರಸ್ತೆಗಿಳಿದಿತ್ತು’ ಎಂದರೆ ಊರು ಇಳಿಯಲಾರದಾದ್ದರಿಂದ ಜನ ಎಂದು ತಿಳಿಯುತ್ತೇವೆ; ಇದು ಲಕ್ಷಣಾ, ನೇರ ಅರ್ಥ ಅಡ್ಡಿಯಾದಾಗ ಹುಟ್ಟುವಂಥದ್ದು. ವ್ಯಂಜನೆಗೆ, ಅಂದರೆ ನೇರ ಅರ್ಥದ ಮೇಲೆ ಇನ್ನೊಂದನ್ನು ಸೂಚಿಸುವುದಕ್ಕೆ, ಅಡ್ಡಿಯೇನೂ ಬೇಕಿಲ್ಲ. ಲೆಕ್ಕ ನಿಜವಾಗಿಯೂ ಸರಿಯಾಗಿಯೇ ಇದ್ದು, ಅದರ ಮೇಲೆ ಮತ್ತೊಂದು ಅರ್ಥ ತೋರಿತು. ಧ್ವನಿಯನ್ನು ಸಿದ್ಧಾಂತವಾಗಿ ವಿವರಿಸಿದ ಒಂಬತ್ತನೆಯ ಶತಮಾನದ ಆನಂದವರ್ಧನ ಇದಕ್ಕೆ ಎತ್ತಿಕೊಳ್ಳುವ ಪ್ರಾಕೃತ ಪದ್ಯದಲ್ಲಿ, ಗೋದಾವರಿಯ ದಡದ ಪೊದೆಯಲ್ಲಿ ನಲ್ಲನನ್ನು ಕಾಣುವ ಹೆಣ್ಣೊಬ್ಬಳು, ಅಲ್ಲಿಗೆ ಬಂದು ತೊಂದರೆಯಾಗಿರುವ ಧಾರ್ಮಿಕನಿಗೆ ಹೇಳುತ್ತಾಳೆ: ನಿಶ್ಚಿಂತೆಯಿಂದ ಅಡ್ಡಾಡು ಸ್ವಾಮಿ, ನಿನ್ನನ್ನು ಹೆದರಿಸುತ್ತಿದ್ದ ನಾಯಿಯನ್ನು ಆ ಪೊದೆಯ ಸಿಂಹ ಇವತ್ತು ಕೊಂದುಹಾಕಿದೆ. ಮಾತಿನಲ್ಲಿ ಅನುಮತಿ, ಅರ್ಥದಲ್ಲಿ ನಿಷೇಧ. ಸಂಗತಿಯೊಂದನ್ನು ಸೂಚಿಸುವ ಇಂಥ ವಸ್ತುಧ್ವನಿಗೂ ಗ್ರೈಸ್ ಹೇಳುವುದಕ್ಕೂ ದೊಡ್ಡ ಅಂತರವಿಲ್ಲ. ಇದು ಬೇರೊಂದು ಶಬ್ದಶಕ್ತಿಯಲ್ಲ, ಬರಿಯ ಅನುಮಾನಪ್ರಮಾಣ, ಅಂದರೆ ತರ್ಕದಿಂದ ಊಹಿಸಿ ತಿಳಿದದ್ದು ಎಂದು ವಾದಿಸಿದ ಮಹಿಮಭಟ್ಟನೂ ನಮ್ಮಲ್ಲಿದ್ದ, ಮತ್ತು ಸಭೆಯ ಜಗಳಗಳ ಮಟ್ಟಿಗೆ ನಾನು ಅವನ ಪಕ್ಷ. ಭಾವವನ್ನು ಓದುಗರ ಅನುಭವಕ್ಕೆ ತರುವ ರಸಧ್ವನಿ ಮಾತ್ರ ಬೇರೆಯ ಜಾತಿ: ‘ಹೋದ ವರ್ಷ ಲೆಕ್ಕ ತಪ್ಪಿತ್ತು’ ಎಂದು ಬಿಡಿಸಿ ಹೇಳಿದರೆ ಸೂಚಿತಾರ್ಥದಲ್ಲಿ ಏನೂ ಕಳೆದುಹೋಗುವುದಿಲ್ಲ, ಆದರೆ ‘ಇದು ಕರುಣರಸ’ ಎಂದು ಹೆಸರಿಟ್ಟು ಹೇಳಿದರೆ ಯಾರ ಕಣ್ಣೂ ಒದ್ದೆಯಾಗುವುದಿಲ್ಲ. ಕವಿರಾಜಮಾರ್ಗ ಕನ್ನಡ ನಾಡಿನವರನ್ನು ‘ಪದನರಿದು ನುಡಿಯಲುಂ ನುಡಿದುದನರಿದಾರಯಲುಂ’ ಬಲ್ಲವರೆಂದು ಹೊಗಳುವಾಗ ಆಡುವುದನ್ನೂ ಆಡಿದ್ದನ್ನು ಅರಿತು ವಿಚಾರಿಸುವುದನ್ನೂ ಒಟ್ಟಿಗೇ ಎಣಿಸಿದೆಯೆಂಬುದನ್ನು ಮಕ್ಕಳಿಗೆ ತೋರಿಸಿ.

ಕೊನೆಯದಾಗಿ ನಡಾವಳಿ. ಅದರಲ್ಲಿ ‘ಈ ವರ್ಷ ಲೆಕ್ಕ ಸರಿಯಾಗಿದೆ ಎಂದು ಸದಸ್ಯರೊಬ್ಬರು ತಿಳಿಸಿದರು’ ಎಂದು ಬರೆದಿದ್ದರೆ ಅದನ್ನು ತಿದ್ದಬೇಡಿ; ಆಡಿದ ಮಾತು ಅದೇ. ದನಿಯೂ ಎದುರು ಕುಳಿತವರೂ ಪುಸ್ತಕಕ್ಕೆ ಇಳಿಯುವುದಿಲ್ಲವಾದ್ದರಿಂದ ಹತ್ತು ವರ್ಷದ ಮೇಲೆ ಓದುವವರು ಅದನ್ನು ಮೆಚ್ಚುಗೆಯೆಂದೇ ತಿಳಿದಾರು. ‘ಹಿಂದಿನ ಸಾಲನ್ನು ಆಕ್ಷೇಪಿಸುವ ಉದ್ದೇಶವಿರಲಿಲ್ಲ’ ಎಂದು ಪಕ್ಕದಲ್ಲಿ ಸೇರಿಸಿದರೆ ಮಾತ್ರ, ಆಕ್ಷೇಪವಿತ್ತೇನೋ ಎಂಬ ಅನುಮಾನ ಮೊದಲ ಬಾರಿಗೆ ಬರವಣಿಗೆಗೆ ಬರುತ್ತದೆ; ಗಡಿಯಾರ ಕದ್ದೇ ಇಲ್ಲ ಎಂದಂತೆಯೇ ಅದು. ಬದಲಾಗಿ ಮುಂದಿನ ಸಭೆಯಲ್ಲಿ ಎರಡೂ ಸಾಲಿನ ಲೆಕ್ಕಪರಿಶೋಧನಾ ವರದಿಗಳನ್ನು ಓದಿಸಿ, ‘ಎರಡೂ ವರ್ಷದ ವರದಿಗಳನ್ನು ಸಭೆ ಒಪ್ಪಿತು’ ಎಂಬ ಒಂದೇ ಸಾಲಿನ ನಿರ್ಣಯಕ್ಕೆ ಆ ಹಿರಿಯ ಸದಸ್ಯರಿಂದಲೇ ಅನುಮೋದನೆ ಕೇಳಿ. ಒಪ್ಪಿದರೆ ವಿಷಯ ಮುಗಿಯಿತು. ಒಪ್ಪದಿದ್ದರೆ ಅವರ ಆಕ್ಷೇಪ ಏನೆಂಬುದನ್ನು ಅವರೇ ವಿವರವಾಗಿ ಹೇಳಬೇಕಾಗುತ್ತದೆ, ಮತ್ತು ಹಿಂದಿನ ಕಾರ್ಯದರ್ಶಿ ಅದಕ್ಕೆ ರಸೀದಿ, ವೋಚರುಗಳನ್ನಿಟ್ಟು ಉತ್ತರಿಸಬಹುದು.